ಡ್ರಾಫ್ಟಿಗೆ ಕೂರುವ ಮುಂಚೆ

ಅಳಿಯಾ, ಆಫೀಸಿನವರು ನಿನ್ನನ್ನೂ ಫ್ಯಾಂಟಸಿ ಫುಟ್‌ಬಾಲ್ ಲೀಗಿಗೆ ಎಳೆದುಕೊಂಡಿದ್ದಾರೆ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಡಲ್ಲಾಸಿಗೆ ಹೋಗಿ ವರ್ಷ ತುಂಬಿಲ್ಲ, ಆಗಲೇ ಹುಡುಗ ಜೂಜಿಗೆ ಬಿದ್ದನಲ್ಲಾ ಅಂತ ಅವಳ ಆತಂಕ. ಹನ್ನೆರಡು ಜನ ಸೇರಿ ನಾಲ್ಕು ತಿಂಗಳು ಒಬ್ಬರ ಕಾಲು ಒಬ್ಬರು ಎಳೆಯೋದಕ್ಕೆ ಅದೊಂದು ನೆಪ ಕಣೆ, ಅಷ್ಟೇ, ಎಂದು ಸಮಾಧಾನ ಹೇಳಿದ್ದೇನೆ. ಆದರೆ ನೀನು ಯಾರೋ ಮಾಡಿದ ಇನ್ನೂರು ಹೆಸರಿನ ಪಟ್ಟಿಯನ್ನು ಉರು ಹೊಡೆಯುತ್ತಾ ಕೂತಿದ್ದೀಯಂತೆ. ಅದನ್ನು ಕೇಳಿದ ಮೇಲೆ ಸುಮ್ಮನಿರೋದಕ್ಕೆ ಆಗಲಿಲ್ಲ.

ಆ ಪಟ್ಟಿ ಯಾವ ಲೀಗಿನ ನಿಯಮಕ್ಕೆ ಮಾಡಿದ್ದು, ವಿಚಾರಿಸಿದೆಯಾ? ಮೊದಲು ನೋಡಬೇಕಾದ್ದು ಅದನ್ನೇ. 2012ರ ಇಬ್ಬರನ್ನು ತಗೋ. ಮಿನ್ನೆಸೋಟಾದ ಏಡ್ರಿಯನ್ ಪೀಟರ್ಸನ್ ಆ ವರ್ಷ 2,097 ಗಜ ಓಡಿದ, 12 ಟಚ್‌ಡೌನ್ ಹೊಡೆದ. ಜೊತೆಗೆ 40 ಸಲ ಚೆಂಡು ಹಿಡಿದು 217 ಗಜ, ಇನ್ನೊಂದು ಟಚ್‌ಡೌನ್. ಡೆಟ್ರಾಯಿಟ್‌ನ ಕ್ಯಾಲ್ವಿನ್ ಜಾನ್ಸನ್ 122 ಸಲ ಹಿಡಿದು 1,964 ಗಜ ಗಳಿಸಿದ. ರಿಸೀವರ್‌ಗಳ ಪೈಕಿ ಅದು ಆಗಿನ ದಾಖಲೆ. ಆದರೆ ಟಚ್‌ಡೌನ್ ಬರೀ ಐದು. ಹತ್ತು ಗಜಕ್ಕೆ ಒಂದು ಅಂಕ, ಟಚ್‌ಡೌನಿಗೆ ಆರು ಎನ್ನುವ ಹಳೆಯ ನಿಯಮದಲ್ಲಿ ಲೆಕ್ಕ ಹಾಕು. ಕೈತಪ್ಪಿದ ಚೆಂಡಿಗೆ ಕಳೆಯುವುದನ್ನು ಸದ್ಯಕ್ಕೆ ಬಿಡು. ಪೀಟರ್ಸನ್‌ಗೆ 309.4, ಜಾನ್ಸನ್‌ಗೆ 226.4. ಎಂಬತ್ತಮೂರು ಅಂಕದ ವ್ಯತ್ಯಾಸ, ಹತ್ತಿರವೂ ಇಲ್ಲ. ಈಗ ಒಂದೊಂದು ಕ್ಯಾಚಿಗೂ ಒಂದೊಂದು ಅಂಕ ಸೇರಿಸು, ಅದೇ ಪಿಪಿಆರ್. ಪೀಟರ್ಸನ್‌ಗೆ 349.4, ಜಾನ್ಸನ್‌ಗೆ 348.4. ಅದೇ ವರ್ಷ, ಅದೇ ಆಟಗಾರರು, ವ್ಯತ್ಯಾಸ ಮಾತ್ರ ಒಂದೇ ಒಂದು ಅಂಕ! ಕ್ಯಾಚಿಗೆ ಅರ್ಧ ಅಂಕ ಕೊಡುವ ಲೀಗುಗಳೂ ಬೇಕಾದಷ್ಟಿವೆ. ಹಾಗಾಗಿ ನಿಯಮ ನೋಡದೆ ಪಟ್ಟಿ ನೋಡುವುದು ಅಡ್ರೆಸ್ ಇಲ್ಲದೆ ಕಾರು ಹತ್ತಿದ ಹಾಗೆ.

ಯಾರು ಮೊದಲು ಎನ್ನುವ ಈ ಜಗಳಕ್ಕೆ ಅರವತ್ತು ವರ್ಷ ದಾಟಿತು. ಓಕ್ಲೆಂಡ್ ರೇಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬನಾಗಿದ್ದ ಬಿಲ್ ವಿಂಕನ್‌ಬಾಕ್ 1962ರಲ್ಲಿ ಗೆಳೆಯರ ಜೊತೆ ಕೂತು ಈ ಆಟ ಕಟ್ಟಿದ. ಮರುವರ್ಷ ಅವನ ಮನೆಯಲ್ಲೇ ಮೊದಲ ಡ್ರಾಫ್ಟ್, ಅಂದರೆ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಕೆಲಸ, ಆಯಿತು. ಎಲ್ಲರಿಗಿಂತ ಮೊದಲು ಹೋದವನು ಜಿಮ್ ಬ್ರೌನ್ ಅಲ್ಲ, ಹ್ಯೂಸ್ಟನ್ನಿನ ಜಾರ್ಜ್ ಬ್ಲಾಂಡಾ. ಚೆಂಡು ಎಸೆಯುವವನೂ ಅವನೇ, ಒದೆಯುವವನೂ ಅವನೇ. ಬ್ರೌನ್ ಆ ವರ್ಷ 1,863 ಗಜ ಓಡಿದ. ಆ ಆಯ್ಕೆ ಸರಿಯೋ ತಪ್ಪೋ ಅಂತ ಈಗಲೂ ಹಳಬರು ಕೆದಕುತ್ತಾರೆ.

ನಿಮ್ಮ ಲೀಗಿನಲ್ಲಿ ಒಂದು ಫ್ಲೆಕ್ಸ್ ಇದೆಯಂತೆ. ನಮ್ಮ ಕ್ರಿಕೆಟ್‌ನಲ್ಲಿ ಆಲ್‌ರೌಂಡರ್ ಅಂದರೆ ಆಟಗಾರನೇ ಎರಡು ಕೆಲಸ ಬಲ್ಲವನು. ಇಲ್ಲಿ ಹಾಗಲ್ಲ, ಬಗ್ಗುವುದು ಕುರ್ಚಿ. ರನ್ನಿಂಗ್ ಬ್ಯಾಕ್, ವೈಡ್ ರಿಸೀವರ್, ಟೈಟ್ ಎಂಡ್, ಈ ಮೂವರಲ್ಲಿ ಯಾರನ್ನು ಬೇಕಾದರೂ ಅದರಲ್ಲಿ ಕೂರಿಸಬಹುದು. ಇದು ಸಣ್ಣ ಸೌಲಭ್ಯದಂತೆ ಕಾಣುತ್ತದೆ. ನಿಜಕ್ಕೂ ಇಡೀ ಪಟ್ಟಿಯ ಲೆಕ್ಕವೇ ಅದರಿಂದ ಬದಲಾಗುತ್ತದೆ. ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದು, ಮಿಕ್ಕದ್ದನ್ನು ಮರೆತರೂ ಇದನ್ನು ಮರೆಯಬೇಡ.

ಒಬ್ಬ ಆಟಗಾರ ಒಟ್ಟು ಎಷ್ಟು ಅಂಕ ತರುತ್ತಾನೆ ಎನ್ನುವುದು ಅವನ ಬೆಲೆಯಲ್ಲ. ಅವನನ್ನು ಬಿಟ್ಟರೆ ಅದೇ ಕುರ್ಚಿಗೆ ಕೊನೆಗೆ ಸಿಗುವ ಆಸಾಮಿಗಿಂತ ಎಷ್ಟು ಹೆಚ್ಚು ತರುತ್ತಾನೆ ಎನ್ನುವುದೇ ಬೆಲೆ. ಹನ್ನೆರಡು ತಂಡ, ತಂಡಕ್ಕೆ ಒಬ್ಬ ಕ್ವಾರ್ಟರ್‌ಬ್ಯಾಕ್ ಅಂದರೆ ವಾರಕ್ಕೆ ಆಡಿಸುವುದು ಹನ್ನೆರಡೇ ಜನರನ್ನು. ಎನ್‌ಎಫ್‌ಎಲ್‌ನಲ್ಲಿ ತಂಡಗಳಿರುವುದು 32. ಹಾಗಾಗಿ ಹನ್ನೆರಡನೆಯವನ ಮುಂದೆ ಒಂದು ಗೆರೆ ಎಳಿ. ಟೈಟ್ ಎಂಡ್‌ಗೂ ಹನ್ನೆರಡನೆಯವನ ಮುಂದೆ. ತಂಡಕ್ಕೆ ಇಬ್ಬಿಬ್ಬರಂತೆ ರನ್ನಿಂಗ್ ಬ್ಯಾಕ್ 24, ರಿಸೀವರ್ 24. ಇಲ್ಲಿಗೆ ಸುಲಭ. ಫ್ಲೆಕ್ಸ್ ಬಂದಾಗ ಮಾತ್ರ ಇನ್ನೂ ಹನ್ನೆರಡು ಕುರ್ಚಿ ಇವೆ, ಅವುಗಳಲ್ಲಿ ಯಾರು ಕೂರುತ್ತಾರೆ ಎಂದು ಯಾರೂ ಬರೆದುಕೊಟ್ಟಿಲ್ಲ.

ಆಗ ಹೀಗೆ ಮಾಡು. ಮೇಲಿನ 24-24 ಜನರನ್ನು ತೆಗೆದಿಡು. ಉಳಿದ ರನ್ನಿಂಗ್ ಬ್ಯಾಕ್‌ಗಳನ್ನೂ ರಿಸೀವರ್‌ಗಳನ್ನೂ ಒಂದೇ ಸಾಲಿನಲ್ಲಿ, ನಿನ್ನ ಅಂದಾಜಿನ ಅಂಕದ ಪ್ರಕಾರ ನಿಲ್ಲಿಸು. ಮುಂದಿನ ಹನ್ನೆರಡು ಜನರನ್ನು ಎಣಿಸಿ ಅಲ್ಲಿ ಗೆರೆ ಎಳಿ. ಅವರಲ್ಲಿ ನಾಲ್ವರು ರನ್ನಿಂಗ್ ಬ್ಯಾಕ್, ಎಂಟು ಜನ ರಿಸೀವರ್ ಬಂದರು ಅಂದುಕೋ. ಆಗ 28ನೆಯ ರನ್ನಿಂಗ್ ಬ್ಯಾಕ್, 32ನೆಯ ರಿಸೀವರ್, ಇಬ್ಬರೂ ಹೆಚ್ಚುಕಡಿಮೆ ಒಂದೇ ಅಂಕಕ್ಕೆ ಬಂದು ನಿಲ್ಲುತ್ತಾರೆ, ಯಾಕೆಂದರೆ ಇಬ್ಬರೂ ಹೊಡೆದಾಡುತ್ತಿರುವುದು ಅದೇ ಕುರ್ಚಿಗೆ. ಗೆರೆ ಒಂದೇ ಆದ ಮೇಲೆ ರನ್ನಿಂಗ್ ಬ್ಯಾಕ್ ಮೇಲೋ ರಿಸೀವರ್ ಮೇಲೋ ಎಂದು ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ, ಅಂದಾಜು ಅಂಕವನ್ನು ನೇರವಾಗಿ ಹೋಲಿಸಿದರಾಯಿತು. ನೀನು ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್ ಅಂತ ಮೂರು ಪಟ್ಟಿ ಮಾಡಿಟ್ಟಿದ್ದರೆ, ಮೊದಲ ಎರಡನ್ನು ಇವತ್ತೇ ಒಂದು ಮಾಡು.

ಸುಮ್ಮನೆ ಉದಾಹರಣೆಗೆ ಅಂಕಿ ಇಟ್ಟು ನೋಡೋಣ. ನಿನ್ನ ಮುಂದೆ ಮೂವರಿದ್ದಾರೆ: 370 ಅಂಕದ ಕ್ವಾರ್ಟರ್‌ಬ್ಯಾಕ್, 260ರ ರನ್ನಿಂಗ್ ಬ್ಯಾಕ್, 230ರ ಟೈಟ್ ಎಂಡ್. ಹೊಸಬರು ಕಣ್ಣುಮುಚ್ಚಿ 370ಕ್ಕೆ ಕೈ ಹಾಕುತ್ತಾರೆ. ಗೆರೆಗಳನ್ನು ನೋಡು. ಹನ್ನೆರಡನೆಯ ಕ್ವಾರ್ಟರ್‌ಬ್ಯಾಕ್ 290 ತರುತ್ತಾನೆ, ಹನ್ನೆರಡನೆಯ ಟೈಟ್ ಎಂಡ್ 120, ಫ್ಲೆಕ್ಸ್ ಗೆರೆ 155 ಅಂತಿಟ್ಟುಕೋ. ಕಳೆದರೆ ಕ್ವಾರ್ಟರ್‌ಬ್ಯಾಕ್‌ಗೆ ಉಳಿದದ್ದು 80, ರನ್ನಿಂಗ್ ಬ್ಯಾಕ್‌ಗೆ 105, ಟೈಟ್ ಎಂಡ್‌ಗೆ 110. ಸಾಲು ಪೂರಾ ತಿರುವುಮುರುವು! ಟ್ರಾವಿಸ್ ಕೆಲ್ಸಿ ಒಂದಷ್ಟು ವರ್ಷ ಮೊದಲ ಎರಡು ಸುತ್ತಿನಲ್ಲೇ ಹೋಗುತ್ತಿದ್ದುದರ ಗುಟ್ಟು ಇದೇ. 2020ರಲ್ಲಿ ಅವನದು 105 ಕ್ಯಾಚು, 1,416 ಗಜ, 11 ಟಚ್‌ಡೌನ್. ದೊಡ್ಡ ರಿಸೀವರ್‌ಗಳ ಮಟ್ಟದ ಅಂಕಗಳೇ. ಆದರೆ ಅವನ ಕುರ್ಚಿಗೆ ಪೈಪೋಟಿ ಕೊಡುವವರು ಬೆರಳೆಣಿಕೆಯಷ್ಟು. ಇನ್ನೊಂದು ವಿಷಯ. 155ರ ಗೆರೆ ದಾಟುವ ಎರಡನೆಯ ಟೈಟ್ ಎಂಡ್ ನಿನ್ನ ಕೈಗೆ ಬಂದರೆ ಅವನನ್ನೂ ಫ್ಲೆಕ್ಸ್‌ನಲ್ಲಿ ಕೂರಿಸಬಹುದು. ದಾಟದವನನ್ನು ಬೆಂಚಿನಲ್ಲಿಟ್ಟು ಸಾಕಬೇಡ.

ನಿಮ್ಮದು ಸೂಪರ್‌ಫ್ಲೆಕ್ಸ್ ಆಗಿದ್ದರೆ ಮೇಲಿನ ಅರ್ಧ ಮಾತು ರದ್ದು. ಆ ಕುರ್ಚಿಯಲ್ಲಿ ಕ್ವಾರ್ಟರ್‌ಬ್ಯಾಕ್ ಕೂಡ ಕೂರಬಹುದು. ಕೂರಬಹುದು ಅಂದಮೇಲೆ ಎಲ್ಲರೂ ಅವನನ್ನೇ ಕೂರಿಸುತ್ತಾರೆ, ಏಕೆಂದರೆ ಅವನಷ್ಟು ಅಂಕ ತರುವವನು ಬೇರೆ ಇಲ್ಲ. ಗೆರೆ ಹನ್ನೆರಡರಿಂದ ಇಪ್ಪತ್ತನಾಲ್ಕಕ್ಕೆ ಜಾರುತ್ತದೆ. ಇಪ್ಪತ್ತನಾಲ್ಕನೆಯವನು 200 ತರುತ್ತಾನೆ ಎಂದರೆ ಅದೇ 370ರವನ ಬೆಲೆ 80ರಿಂದ 170ಕ್ಕೆ ಹಾರಿತು. ಇರುವುದೇ 32 ತಂಡ, ಅದರಲ್ಲಿ ಸೀಸನ್ ನಡುವಿನ ವಾರಗಳಲ್ಲಿ ಕೆಲವಕ್ಕೆ ರಜೆ, ಒಂದಿಬ್ಬರು ಗಾಯಾಳುಗಳು. ಮೊದಲ ಸುತ್ತಿನಲ್ಲಿ ಐದಾರು ಕ್ವಾರ್ಟರ್‌ಬ್ಯಾಕ್ ಹೋದರೆ ಗಾಬರಿಯಾಗಬೇಡ, ನಗಲೂ ಬೇಡ. ನೀನೂ ಒಬ್ಬನನ್ನು ಹಿಡಿ. ಹಾಗೆಯೇ ಮೂವರು ರಿಸೀವರ್ ಆಡಿಸಬೇಕಾದ ಲೀಗಿನಲ್ಲಿ 36 ರಿಸೀವರ್ ಮೊದಲೇ ಖರ್ಚಾಗಿರುತ್ತಾರೆ, ಫ್ಲೆಕ್ಸ್‌ಗೆ ರನ್ನಿಂಗ್ ಬ್ಯಾಕ್‌ಗಳೇ ಹೆಚ್ಚು ಬರುತ್ತಾರೆ. ಕಿಕ್ಕರ್, ಡಿಫೆನ್ಸ್ ಕೊನೆಯ ಎರಡು ಸುತ್ತಿಗೆ. ಅದರ ಬಗ್ಗೆ ಇನ್ನೊಂದು ಮಾತೂ ದಂಡ.

ಪಟ್ಟಿ ಆಯಿತು ಅನ್ನು. ಅದನ್ನು ಒಂದರಿಂದ ಇನ್ನೂರರವರೆಗೆ ಒತ್ತೊತ್ತಾಗಿ ಬರೆಯಬೇಡ. ಅಂಕ ಧಡಕ್ಕನೆ ಇಳಿಯುವಲ್ಲಿ ಒಂದು ಸಾಲು ಖಾಲಿ ಬಿಡು. ಟಿಯರ್ ಎನ್ನುತ್ತಾರಲ್ಲ, ಅದು ಇಷ್ಟೇ. ಒಂದೇ ಗುಂಪಿನಲ್ಲಿರುವ ಏಳನೆಯವನಿಗೂ ಹತ್ತನೆಯವನಿಗೂ ನಿಜವಾದ ವ್ಯತ್ಯಾಸವಿಲ್ಲ, ಅಂಥವರ ನಡುವೆ ಅಳೆದೂ ಸುರಿದೂ ಕೂತರೆ ಗಡಿಯಾರ ಮುಗಿದು ಆಪೇ ಯಾರನ್ನೋ ನಿನ್ನ ತಲೆಗೆ ಕಟ್ಟುತ್ತದೆ. ಪ್ರತಿ ಸುತ್ತಿಗೂ ಸರದಿ ತಿರುಗುಮುರುಗಾಗುವ ಸ್ನೇಕ್ ಡ್ರಾಫ್ಟಿನಲ್ಲಿ ನಿನ್ನ ಸರದಿ ಮೂರನೆಯದು ಬಂದರೆ ಮುಂದಿನದು 22, ಅದರಾಚೆ 27. ಮೂರಕ್ಕೂ ಇಪ್ಪತ್ತೆರಡಕ್ಕೂ ನಡುವೆ ಹದಿನೆಂಟು ಹೆಸರು ಹೋಗಿರುತ್ತವೆ, ಇಪ್ಪತ್ತೆರಡಕ್ಕೂ ಇಪ್ಪತ್ತೇಳಕ್ಕೂ ನಡುವೆ ಬರೀ ನಾಲ್ಕು. ಹಾಗಾಗಿ 22ರಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಯಾರು ಉತ್ತಮ ಎಂದಲ್ಲ, ಯಾವ ಗುಂಪು ಮುಂದಿನ ನಾಲ್ಕು ಆಯ್ಕೆಯಲ್ಲಿ ಖಾಲಿಯಾಗುತ್ತದೆ ಎಂದು. ಐವರು ಉಳಿದಿರುವ ಗುಂಪು ಕಾಯುತ್ತದೆ, ಒಬ್ಬನೇ ಉಳಿದಿರುವುದು ಕಾಯುವುದಿಲ್ಲ.

ನಿನ್ನ ಎದುರಾಳಿಗಳಲ್ಲಿ ಮುಕ್ಕಾಲು ಜನ ಆಪಿನ ಪರದೆಯಲ್ಲಿ ಮೇಲೆ ಕಾಣುವ ಹೆಸರನ್ನೇ ಒತ್ತುವವರು. ಆ ಪಟ್ಟಿಯನ್ನೂ ಒಮ್ಮೆ ಓದಿಕೋ, ಅಲ್ಲಿ ಕೆಳಗಿದ್ದು ನಿನ್ನಲ್ಲಿ ಮೇಲಿರುವವನನ್ನು ಒಂದು ಸುತ್ತು ತಡವಾಗಿ ಎತ್ತಿಕೊಳ್ಳಬಹುದು. ಮೇಲಾಗಿ ಅದು ಡಲ್ಲಾಸು. ಕೌಬಾಯ್ಸ್ ಆಟಗಾರರು ನಿನ್ನ ಆಫೀಸಿನಲ್ಲಿ ಬೆಲೆಗಿಂತ ಮುಂಚೆಯೇ ಹೋಗುತ್ತಾರೆ, ಬಿಟ್ಟುಕೊಡು. ಆ ಗಲಾಟೆಯಲ್ಲಿ ಕೆಳಗೆ ಜಾರಿದವನು ಒಬ್ಬ ಇರುತ್ತಾನೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡು ಕೂರಬೇಡ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಇದು ಅಂದಾಜೇ. 2024ರಲ್ಲಿ ಹೆಚ್ಚಿನವರ ಪಟ್ಟಿಯ ತುದಿಯಲ್ಲಿದ್ದವನು ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಸ್ಟಿಯನ್ ಮೆಕ್ಯಾಫ್ರಿ. ಗಾಯದಿಂದಾಗಿ ಆ ವರ್ಷ ಆಡಿದ್ದು ನಾಲ್ಕೇ ಪಂದ್ಯ. ಅವನನ್ನು ತಗೊಂಡವರು ದಡ್ಡರಲ್ಲ. ಆದ್ದರಿಂದಲೇ ಬೆಂಚಿನಲ್ಲಿ ಎರಡನೆಯ ಕ್ವಾರ್ಟರ್‌ಬ್ಯಾಕ್ ಸಾಕುವ ಬದಲು ರನ್ನಿಂಗ್ ಬ್ಯಾಕ್, ರಿಸೀವರ್‌ಗಳನ್ನೇ ತುಂಬು. ಫ್ಲೆಕ್ಸ್ ಇರುವಾಗ ಅವರಲ್ಲಿ ಒಬ್ಬನು ಎರಡು ಕಡೆಯ ತೂತಿಗೂ ತೇಪೆಯಾಗುತ್ತಾನೆ.

ಕೆಲವರಿಗೆ ಆಪೇ ಎರಡು ಹಣೆಪಟ್ಟಿ ಕೊಟ್ಟಿರುತ್ತದೆ. 2021ರಲ್ಲಿ ಅಟ್ಲಾಂಟಾದ ಕಾರ್ಡರೆಲ್ ಪ್ಯಾಟರ್ಸನ್ 618 ಗಜ ಓಡಿ, 548 ಗಜ ಹಿಡಿದು ಎರಡೂ ಕಡೆ ಸಲ್ಲುತ್ತಿದ್ದ. ಫ್ಲೆಕ್ಸ್ ಇರುವ ಲೀಗಿನಲ್ಲಿ ಇಂಥವನಿಗೆ ಹೆಚ್ಚು ಬೆಲೆ ಕಟ್ಟಬೇಡ, ಆ ಸೌಲಭ್ಯ ಕುರ್ಚಿಯಲ್ಲೇ ಇದೆ. ಹಣೆಪಟ್ಟಿಗೆ ಬೆಲೆ ಬರುವುದು ಕೆಳಗಿನ ಗೆರೆಯ ಕುರ್ಚಿ ಸಿಕ್ಕಾಗ. 2020ರ ನವೆಂಬರಿನಲ್ಲಿ ಡ್ರೂ ಬ್ರೀಸ್ ಗಾಯಗೊಂಡಾಗ ನ್ಯೂ ಆರ್ಲಿಯನ್ಸ್ ಟೇಸಮ್ ಹಿಲ್‌ನನ್ನು ಕ್ವಾರ್ಟರ್‌ಬ್ಯಾಕ್ ಮಾಡಿತು. ಇಎಸ್‌ಪಿಎನ್ ಲೀಗುಗಳಲ್ಲಿ ಅವನು ಟೈಟ್ ಎಂಡ್ ಆಗಿ ದಾಖಲಾಗಿದ್ದ! ಕ್ವಾರ್ಟರ್‌ಬ್ಯಾಕಿನ ಅಂಕ, ಟೈಟ್ ಎಂಡಿನ ಕುರ್ಚಿ. ಆ ವಾರ ಎಷ್ಟು ಲೀಗುಗಳಲ್ಲಿ ಮಾತು ಬಿಟ್ಟರೋ ದೇವರೇ ಬಲ್ಲ.

ಡ್ರಾಫ್ಟ್ ಮುಗಿದ ಮೇಲೆ ಬಹಳ ಜನ ಮರೆಯುವ ಒಂದು ಕೆಲಸವಿದೆ. ಗುರುವಾರ ರಾತ್ರಿ ಆಡುವವನನ್ನು ಎಂದೂ ಫ್ಲೆಕ್ಸ್ ಕುರ್ಚಿಯಲ್ಲಿ ಕೂರಿಸಬೇಡ, ಅವನ ಸ್ವಂತ ಕುರ್ಚಿಯಲ್ಲಿ ಕೂರಿಸು. ಅವನ ಪಂದ್ಯ ಶುರುವಾಗುತ್ತಲೇ ಆ ಕುರ್ಚಿಗೆ ಬೀಗ ಬಿತ್ತು. ಫ್ಲೆಕ್ಸ್‌ಗೆ ಬೀಗ ಬಿದ್ದಿದ್ದರೆ, ಭಾನುವಾರ ಬೆಳಿಗ್ಗೆ ನಿನ್ನ ರಿಸೀವರ್ ಆಡುವುದಿಲ್ಲ ಎಂಬ ಸುದ್ದಿ ಬಂದಾಗ ಅವನ ಜಾಗಕ್ಕೆ ಇನ್ನೊಬ್ಬ ರಿಸೀವರ್‌ನನ್ನೇ ಹುಡುಕಬೇಕು. ಫ್ಲೆಕ್ಸ್ ತೆರೆದಿದ್ದರೆ ಬೆಂಚಿನಲ್ಲಿರುವ ಮೂರು ಜಾತಿಯವರಲ್ಲಿ ಯಾರನ್ನಾದರೂ ತರಬಹುದು. ಸೋಮವಾರ ರಾತ್ರಿ ಆಡುವವನಿದ್ದರೆ ಫ್ಲೆಕ್ಸ್ ಅವನಿಗೇ ಮೀಸಲು.

ಡ್ರಾಫ್ಟ್ ಆಗಸ್ಟ್ ಕೊನೆಗೆ ಎಂದೆಯಂತೆ. ಗಣೇಶನ ಹಬ್ಬದ ಆಸುಪಾಸಿಗೇ ಬರಬಹುದು, ನಿಮ್ಮಮ್ಮನಿಗೆ ಮೊದಲೇ ಹೇಳಿಡು, ಪೂಜೆ ಹೊತ್ತಿಗೆ ವಿಡಿಯೋ ಕಾಲ್ ಮಾಡಿ ಸಿಗದಿದ್ದರೆ ನನ್ನನ್ನು ಹಿಡಿದುಕೊಳ್ಳುತ್ತಾಳೆ. ನಿಮ್ಮ ಕಮಿಷನರ್ ನಿಯಮಗಳ ಹಾಳೆ ಕಳಿಸಿದ ಕೂಡಲೇ ವಾಟ್ಸಾಪ್ ಮಾಡು. ಕ್ಯಾಚಿಗೆ ಒಂದೋ ಅರ್ಧವೋ, ರಿಸೀವರ್ ಇಬ್ಬರೋ ಮೂವರೋ, ಫ್ಲೆಕ್ಸೋ ಸೂಪರ್‌ಫ್ಲೆಕ್ಸೋ, ಈ ಮೂರು ಗೊತ್ತಾಗದೆ ನನಗೂ ಗೆರೆ ಎಳೆಯಲು ಬರುವುದಿಲ್ಲ.