ಹಳೆಯ ಹೊಲಗಳು ಹೇಳುವ ಪಾಠ

ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನಲ್ಲಿ ಮಮದಾಪುರವೆಂಬ ಊರೊಂದುಂಟು. ಅಲ್ಲಿಯ ದೊಡ್ಡ ಕೆರೆಯ ಏರಿಯ ಮೇಲೆ ನಿಂತರೆ ಒಂದು ಮಗ್ಗುಲಿಗೆ ನೀರಿನ ಹರಹು, ಇನ್ನೊಂದು ಮಗ್ಗುಲಿಗೆ ಹೊಲ ತೋಟಗಳು ಕಾಣುತ್ತವೆ. ಊರಿನ ಹೆಸರೇ ಅದರ ಕಾಲವನ್ನು ಸೂಚಿಸುತ್ತದೆ. ಗೋಲಗುಮ್ಮಟದಡಿಯಲ್ಲಿ ಚಿರನಿದ್ರೆಯಲ್ಲಿರುವ ಮುಹಮ್ಮದ್ ಆದಿಲ್‌ಶಾಹನ ಆಳ್ವಿಕೆಯಲ್ಲಿ (1627–1656) ನಿರ್ಮಾಣವಾದ ಕೆರೆಯಿದು. ಗುಮ್ಮಟವನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಕೆರೆಯನ್ನು ನೋಡಬರುವವರು ವಿರಳ. ಆದರೆ ಬೇಸಾಯದ ಇತಿಹಾಸವನ್ನು ಓದಬಯಸುವವನಿಗೆ ಕೆರೆಯೂ ಒಂದು ಶಾಸನವೇ ಸರಿ.

ಪ್ರಾಕ್ತನಶಾಸ್ತ್ರವೆಂದೊಡನೆ ನಮಗೆ ನೆನಪಾಗುವುದು ಒಡೆದ ಮಡಕೆ, ಸವೆದ ನಾಣ್ಯ, ಮುರಿದ ಶಿಲ್ಪ. ಆದರೆ ಈ ಶಾಸ್ತ್ರವು ಈಗ ಅರಮನೆಯ ಅಂಗಳವನ್ನು ದಾಟಿ ಹೊಲಕ್ಕೆ ಇಳಿದಿದೆ. ನಮ್ಮ ಹಿರಿಯರು ಏನನ್ನು ಬಿತ್ತಿದರು? ನೀರನ್ನು ಹೇಗೆ ಹಿಡಿದರು? ಎಲ್ಲಿ ಗೆದ್ದರು, ಎಲ್ಲಿ ಸೋತರು? ಇವು ಅದರ ಪ್ರಶ್ನೆಗಳು. ಇವುಗಳಿಂದ ಇಂದಿನ ಒಕ್ಕಲಿಗನಿಗೆ ಏನು ಪ್ರಯೋಜನವೆಂದು ಕೇಳಬಹುದು. ಕೃಷಿ ಸಂಶೋಧನೆಯ ಪ್ರಯೋಗವೊಂದು ಐದು ವರ್ಷ ನಡೆದೀತು, ಹತ್ತು ವರ್ಷ ನಡೆದೀತು. ಆದರೆ ನೆಲ ಬಡವಾಗುವುದಕ್ಕೆ, ಕೆರೆಯಲ್ಲಿ ಹೂಳು ತುಂಬುವುದಕ್ಕೆ, ಮಣ್ಣಿನಲ್ಲಿ ಉಪ್ಪು ಸೇರುವುದಕ್ಕೆ ಕೆಲವೊಮ್ಮೆ ನೂರಾರು ವರ್ಷಗಳು ಬೇಕು. ಅಂಥ ಪ್ರಯೋಗವನ್ನು ನಡೆಸಲು ಯಾವ ವಿಜ್ಞಾನಿಗೂ ಆಯುಷ್ಯ ಸಾಲದು. ಹಳೆಯ ಹೊಲಗಳು ಅಷ್ಟು ದೀರ್ಘವಾದ ಪ್ರಯೋಗಗಳ ದಾಖಲೆಗಳಾಗಿವೆ. ಅವುಗಳನ್ನು ಓದುವ ಕ್ರಮವನ್ನಷ್ಟೇ ನಾವು ಕಲಿಯಬೇಕಾಗಿದೆ.

ಕರಿಕಾಳುಗಳ ಸಾಕ್ಷ್ಯ

ಮೊದಲು ಬೆಳೆಯ ವಿಷಯ. ಸಾವಿರಾರು ವರ್ಷಗಳ ಹಿಂದೆ ಬೆಳೆದ ಕಾಳು ಇಂದಿಗೆ ಉಳಿಯುವುದೆಂತು? ಹಸಿಯ ಕಾಳು ಕೊಳೆತುಹೋಗುತ್ತದೆ. ಒಲೆಯ ಬಳಿ ಬಿದ್ದು ಅರ್ಧ ಸುಟ್ಟು ಇದ್ದಿಲಾದ ಕಾಳು ಮಾತ್ರ ಕೊಳೆಯದೆ ಉಳಿಯುತ್ತದೆ. ಅಗೆದ ಮಣ್ಣನ್ನು ನೀರಿನ ತೊಟ್ಟಿಯಲ್ಲಿ ಕದಡಿದರೆ ಮರಳು, ಕಲ್ಲುಗಳು ತಳಕ್ಕಿಳಿಯುತ್ತವೆ. ರಂಧ್ರಮಯವಾದ ಇದ್ದಿಲ ಕಾಳು ನೀರಿಗಿಂತ ಹಗುರಾದುದರಿಂದ ತೇಲುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಡಿಯಲ್ಲಿ ಗುರುತಿಸುತ್ತಾರೆ. ಪ್ರೌಢಶಾಲೆಯಲ್ಲಿ ನಾವು ಕಲಿತ ಆರ್ಕಿಮಿಡೀಸನ ತತ್ತ್ವ ಇಲ್ಲಿ ಇತಿಹಾಸಕ್ಕೆ ನೆರವಾಗುತ್ತದೆ.

ಬಳ್ಳಾರಿಯ ಬಳಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಈ ಕ್ರಮದಿಂದ ದೊರೆತ ಮುಖ್ಯ ಬೆಳೆಗಳು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಬಂಧುವಾದ ಒಂದು ಕಿರುಧಾನ್ಯ. ಇವೆಲ್ಲವೂ ಮಳೆಗಾಲದ ಅಲ್ಪ ನೀರಿನಲ್ಲಿ, ಬೇಗ ಬೆಳೆದು ಕೊಯ್ಲಿಗೆ ಬರುವ ಬೆಳೆಗಳು. ಇಂದು ಈ ಸೀಮೆಯ ಉಸಿರೆನಿಸಿರುವ ಜೋಳವಾದರೋ ಮೂಲತಃ ಆಫ್ರಿಕದ್ದು. ಅನಂತರ ಬಂದು ನಮ್ಮದಾಯಿತು. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ನಮ್ಮ ಮೊದಲ ಬೇಸಾಯಗಾರರು ಬೆಳೆಗೆ ತಕ್ಕ ನೀರನ್ನು ಹುಡುಕಲಿಲ್ಲ, ನೀರಿಗೆ ತಕ್ಕ ಬೆಳೆಯನ್ನು ಹುಡುಕಿದರು. ಮತ್ತು ಹೊರಗಿನಿಂದ ಬಂದ ಬೆಳೆಯನ್ನು ಅವರ ಸಂತತಿಯವರು ತಿರಸ್ಕರಿಸಲಿಲ್ಲ. ಈ ನೆಲಕ್ಕೆ ಹೊಂದಿದುದನ್ನು ಉಳಿಸಿಕೊಂಡರು.

ಮಣ್ಣೇ ಮೊದಲ ಕೆರೆ

ಜತ್ತ ಸೀಮೆಯಿಂದ ಹರಿದುಬರುವ ಡೋಣಿಯ ಬಯಲು ವಿಜಯಪುರ ಜಿಲ್ಲೆಯ ಕಣಜ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂದು ಜನ ಆಡುವುದುಂಟು. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 600 ಮಿಲಿಮೀಟರ್ ಮಾತ್ರ. ಅದೂ ಹೆಚ್ಚಾಗಿ ಮುಂಗಾರಿನ ಕೊನೆಗೆ. ಹೀಗಿರಲು, ಮಳೆ ನಿಂತ ಮೇಲೆ ಬೆಳೆಯುವ ಹಿಂಗಾರಿ ಬಿಳಿಜೋಳಕ್ಕೆ ನೀರು ಎಲ್ಲಿಂದ ಬರುತ್ತದೆ?

ಉತ್ತರ ಎರೆಮಣ್ಣಿನಲ್ಲಿದೆ. ಇದರ ಜೇಡಿಯ ಕಣಗಳು ಅತಿ ಸಣ್ಣ ಹಾಳೆಗಳಂತಿದ್ದು, ಹಾಳೆಗಳ ನಡುವೆ ನೀರನ್ನು ಹಿಡಿದು ಉಬ್ಬುತ್ತವೆ. ಒಂದು ಮೀಟರ್ ಆಳದ ಒಳ್ಳೆಯ ಎರೆ, ಬೆಳೆಗೆ ಒದಗುವಂಥ ನೀರನ್ನು ಸುಮಾರು 200 ಮಿಲಿಮೀಟರಿನಷ್ಟು ಹಿಡಿದಿಡಬಲ್ಲುದು. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ 10,000 ಲೀಟರ್. ಆದುದರಿಂದ ಒಂದು ಹೆಕ್ಟೇರ್ ಎರೆಹೊಲದ ಒಡಲಲ್ಲಿ 20 ಲಕ್ಷ ಲೀಟರ್ ನೀರು ಅಡಗಿರಬಹುದು! ದಖ್ಖನಿನ ಬಿಸಿಲಿಗೆ ತೆರೆದ ಕೆರೆಯಿಂದ ವರ್ಷಕ್ಕೆ ಸುಮಾರು ಎರಡು ಮೀಟರ್ ಎತ್ತರದ ನೀರು ಆವಿಯಾಗುತ್ತದೆ. ಮಣ್ಣಿನಾಳದ ನೀರಿಗೆ ಆ ಭಯ ಬಹಳ ಕಡಿಮೆ. ಮಣ್ಣು ಬಿರಿದಾಗ ಮಾತ್ರ ಬಿರುಕುಗಳ ಮೂಲಕ ತೇವ ಹೊರಟುಹೋಗುತ್ತದೆ. ರೈತ ಎಡೆಕುಂಟೆ ಹೊಡೆದು ಮೇಲುಮಣ್ಣನ್ನು ಸಡಿಲಿಸುವಾಗ ಕಳೆಯನ್ನು ಕೀಳುವುದಲ್ಲದೆ ಈ ಬಿರುಕುಗಳ ಬಾಯನ್ನೂ ಮುಚ್ಚುತ್ತಾನೆ.

ಆದರೆ ನೀರು ಮಣ್ಣಿನೊಳಗೆ ಇಳಿಯಬೇಕಾದರೆ ಅದಕ್ಕೆ ಕಾಲಾವಕಾಶ ಬೇಕು. ಎರೆ ಒದ್ದೆಯಾದೊಡನೆ ಅದರ ರಂಧ್ರಗಳು ಕಿರಿದಾಗಿ ನೀರು ಮೇಲೆಯೇ ಓಡುತ್ತದೆ. ಓಡುವಾಗ ಫಲವತ್ತಾದ ಮೇಲುಮಣ್ಣನ್ನೂ ಒಯ್ಯುತ್ತದೆ. ಒಡ್ಡುಗಳ ಉದ್ದೇಶ ಈ ಓಟವನ್ನು ತಡೆಯುವುದು. ವಿಜಯಪುರದಲ್ಲಿ 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರ ಆರಂಭವಾಯಿತು. ಬಿತ್ತನೆಗೆ ಮೊದಲು ಹೊಲವನ್ನು ಸಣ್ಣ ಬದುಗಳಿಂದ ಚೌಕು ಮಡಿಗಳಾಗಿ ವಿಂಗಡಿಸಿ, ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವ ಕ್ರಮವನ್ನು ಅಲ್ಲಿಯ ಕೃಷಿವಿಜ್ಞಾನಿಗಳು ರೈತರಿಗೆ ಸಲಹೆ ಮಾಡುತ್ತ ಬಂದಿದ್ದಾರೆ. ಹಳೆಯ ಒಡ್ಡಿನ ತತ್ತ್ವವೇ ಇಲ್ಲಿ ಹೊಸ ಅಳತೆಯನ್ನು ಪಡೆದಿದೆ.

ಓಡುವ ನೀರಿನ ಲೆಕ್ಕ

ಹಳೆಯ ಹೊಲದಿಂದ ಹೊಸ ಲೆಕ್ಕವನ್ನು ಪಡೆಯಬಹುದೆಂಬುದಕ್ಕೆ ಪ್ರಸಿದ್ಧವಾದ ನಿದರ್ಶನ ಇಸ್ರೇಲಿನ ನೆಗೆವ್ ಮರುಭೂಮಿಯದು. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಬೀಳುವ ಆ ನಾಡಿನಲ್ಲಿ ಪ್ರಾಚೀನ ಹೊಲಗಳ ಕಲ್ಲುಗೋಡೆಗಳು ಸಾಲುಸಾಲಾಗಿ ಕಂಡುಬಂದವು. ಸಸ್ಯವಿಜ್ಞಾನಿ ಮೈಕೇಲ್ ಎವೆನಾರಿ ಮತ್ತು ಅವನ ಸಂಗಡಿಗರು 1958–59ರ ಸುಮಾರಿಗೆ ಶಿವ್ತಾ, ಅವ್ದಾತ್ ಎಂಬ ಕಡೆ ಅಂಥ ಹೊಲಗಳನ್ನು ಮತ್ತೆ ಕಟ್ಟಿ ಬೆಳೆ ತೆಗೆದರು. ಒಂದು ಪಾಲು ಹೊಲಕ್ಕೆ ಸುತ್ತಲಿನ 20ರಿಂದ 30 ಪಾಲು ಬೋಳುಗುಡ್ಡದ ನೀರು ಹರಿದುಬರುವಂತೆ ಪ್ರಾಚೀನರು ಏರ್ಪಡಿಸಿದ್ದುದು ತಿಳಿದುಬಂತು. ನಾವೇ ಲೆಕ್ಕ ಹಾಕಿ ನೋಡೋಣ. 100 ಮಿಲಿಮೀಟರ್ ಮಳೆಯಲ್ಲಿ 15 ಮಿಲಿಮೀಟರಿನಷ್ಟು ಮಾತ್ರ ಗುಡ್ಡದಿಂದ ಹರಿದುಬಂದಿತೆನ್ನಿ. ಇಪ್ಪತ್ತು ಪಾಲಿನ ನೀರು ಒಂದು ಪಾಲಿನಲ್ಲಿ ಸೇರಿದರೆ 300 ಮಿಲಿಮೀಟರ್. ಹೊಲದ ಮೇಲೆ ನೇರವಾಗಿ ಬಿದ್ದ 100 ಕೂಡಿದರೆ 400. ಮರುಭೂಮಿಯಲ್ಲಿ ಬಾರ್ಲಿ, ಬಾದಾಮಿ ಬೆಳೆದುದರ ಗುಟ್ಟು ಈ ಪ್ರಮಾಣದಲ್ಲಿದೆ.

ಮಮದಾಪುರದ ಕೆರೆಯೂ ಇದೇ ಲೆಕ್ಕದ ಮೇಲೆ ನಿಂತಿದೆ. ಕೆರೆಯೆಂದರೆ ಬರಿಯ ಏರಿಯಲ್ಲ. ಮೇಲೆ ನೀರನ್ನು ಕೂಡಿಸುವ ಇಳಿಜಾರು, ನಡುವೆ ನೀರಿನ ಹರಹು, ಕೆಳಗೆ ಜಿನುಗು ನೀರಿನಿಂದ ತುಂಬುವ ಬಾವಿಗಳು, ಹೊಲಕ್ಕೆ ಮರಳುವ ಗೋಡುಮಣ್ಣು ಇವೆಲ್ಲ ಕೂಡಿ ಒಂದು ಯಂತ್ರ. ಮೇಲಿನ ಇಳಿಜಾರಿನಲ್ಲಿ ಹಳ್ಳಗಳು ಮುಚ್ಚಿಹೋದರೆ ಕೆಳಗಿನ ಏರಿ ಎಷ್ಟು ಗಟ್ಟಿಯಾಗಿದ್ದರೂ ವ್ಯರ್ಥ. ಇತ್ತೀಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ ಮಮದಾಪುರವೇ ಮೊದಲಾದ ಕೆರೆಗಳನ್ನು ತುಂಬಿಸುತ್ತಿದ್ದಾರೆ. ಬತ್ತಿದ ಬಾವಿಗಳಿಗೆ ಜೀವ ತರುವ ಕೆಲಸವಿದು, ಸಂತೋಷಪಡತಕ್ಕದ್ದೇ. ಆದರೆ ನೀರನ್ನೆತ್ತಲು ಶಕ್ತಿ ಬೇಕು. ಇಳಿಜಾರಿನಲ್ಲಿ ನೀರನ್ನು ತಾನಾಗಿ ಇಳಿಸುವ ಗುರುತ್ವಾಕರ್ಷಣೆ ಯಾರಿಗೂ ಬಿಲ್ಲು ಕಳುಹಿಸುವುದಿಲ್ಲ. ಹೊಸ ಕೊಳವೆ ಬಂದಿತೆಂದು ಹಳೆಯ ಇಳಿಜಾರನ್ನು ಮರೆಯಬಾರದು.

ಉಪ್ಪಿನ ಎಚ್ಚರಿಕೆ

ಹಳೆಯ ಹೊಲಗಳು ಸೋಲಿನ ಕಥೆಯನ್ನೂ ಹೇಳುತ್ತವೆ. ಟೈಗ್ರಿಸ್, ಯೂಫ್ರಟೀಸ್ ನದಿಗಳ ನಡುವಣ ಮೆಸೊಪೊಟೇಮಿಯದಲ್ಲಿ ಕಾಲುವೆ ನೀರಾವರಿ ಬಹು ಪ್ರಾಚೀನ. ಅಲ್ಲಿಯ ಜೇಡಿಫಲಕಗಳ ಲೆಕ್ಕಪತ್ರಗಳನ್ನು ಓದಿ ಜೇಕಬ್‌ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅವರ ಎಣಿಕೆಯಂತೆ ದಕ್ಷಿಣ ಭಾಗದ ಇಳುವರಿ ಕ್ರಿ. ಪೂ. 2400ರ ಸುಮಾರಿಗೆ ಹೆಕ್ಟೇರಿಗೆ 2,537 ಲೀಟರ್ ಇದ್ದದ್ದು ಕ್ರಿ. ಪೂ. 2100ರ ಹೊತ್ತಿಗೆ 1,460ಕ್ಕೂ, ಕ್ರಿ. ಪೂ. 1700ರ ಹೊತ್ತಿಗೆ 897ಕ್ಕೂ ಇಳಿಯಿತು. ಉಪ್ಪನ್ನು ಸಹಿಸದ ಗೋಧಿ ಹಿಂಜರಿದು, ಸಹಿಸುವ ಬಾರ್ಲಿ ಉಳಿಯಿತು. ಇಳುವರಿಯ ಕುಸಿತಕ್ಕೆ ಉಪ್ಪೊಂದೇ ಕಾರಣವೆಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಉಪ್ಪು ಸೇರುವ ಬಗೆಯಲ್ಲಿ ಸಂದೇಹವಿಲ್ಲ.

ಆ ಬಗೆ ಹೀಗಿದೆ. ಸಿಹಿನೀರೆನಿಸಿದುದರಲ್ಲಿಯೂ ಅಲ್ಪಸ್ವಲ್ಪ ಲವಣ ಕರಗಿರುತ್ತದೆ. ಲೀಟರಿಗೆ ಅರ್ಧ ಗ್ರಾಮ್ ಲವಣವಿರುವ ನೀರನ್ನು ವರ್ಷಕ್ಕೆ 500 ಮಿಲಿಮೀಟರಿನಂತೆ ಹಾಯಿಸಿದೆವೆನ್ನಿ. ಒಂದು ಹೆಕ್ಟೇರಿಗೆ 50 ಲಕ್ಷ ಲೀಟರ್ ನೀರು. ಅದರೊಡನೆ 2,500 ಕಿಲೋಗ್ರಾಮ್ ಲವಣ! ಬೆಳೆ ನೀರನ್ನು ಹೀರುತ್ತದೆ, ಸೂರ್ಯ ನೀರನ್ನು ಆವಿ ಮಾಡುತ್ತಾನೆ. ಲವಣ ಬಹುಮಟ್ಟಿಗೆ ನೆಲದಲ್ಲೇ ಉಳಿಯುತ್ತದೆ. ನೀರು ಬಸಿದುಹೋಗಲು ದಾರಿಯಿಲ್ಲದಿದ್ದರೆ ಅಂತರ್ಜಲ ಮೇಲೇರಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಲೋಮನಾಳಗಳ ಮೂಲಕ ಉಪ್ಪುನೀರು ಮೇಲ್ಮೈಗೆ ಬಂದು ಬಿಳಿಯ ಪೊರೆಯನ್ನು ಬಿಡುತ್ತದೆ. ನಮ್ಮ ರೈತರು ಸವುಳು, ಜವುಳು ಎನ್ನುವುದು ಇದನ್ನೇ. ತುಂಗಭದ್ರಾ, ಘಟಪ್ರಭಾ, ಮಲಪ್ರಭಾ ಅಚ್ಚುಕಟ್ಟುಗಳಲ್ಲಿ ಈ ವ್ಯಾಧಿ ಆಗಲೇ ತಲೆದೋರಿದೆ. ಡೋಣಿಯ ನೀರಂತೂ ಮೊದಲಿನಿಂದ ಉಪ್ಪಿಗೆ ಹೆಸರಾದುದು. ಆದುದರಿಂದ ಎರೆಭೂಮಿಗೆ ನೀರನ್ನು ತರುವಾಗ ಬಸಿಗಾಲುವೆಯನ್ನೂ ತರತಕ್ಕದ್ದು. ಇಂದು ನಿರ್ಲಕ್ಷಿಸಿದರೆ ಅದರ ಫಲವನ್ನು ನಮ್ಮ ಮೊಮ್ಮಕ್ಕಳು ಉಣ್ಣಬೇಕಾಗುತ್ತದೆ.

ಹಳೆಯದೆಲ್ಲ ಹೊನ್ನಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ಪ್ರಾಚೀನರದೆಲ್ಲ ಪರಿಪೂರ್ಣವೆಂದು ನಾವು ತಿಳಿಯಕೂಡದು. ಕೆರೆಗಳೂ ಒಡ್ಡುಗಳೂ ಇದ್ದ ಈ ನಾಡಿನಲ್ಲಿಯೇ 1876–78ರ ಭೀಕರ ಕ್ಷಾಮದಲ್ಲಿ ಅಸಂಖ್ಯ ಜನ ಅನ್ನವಿಲ್ಲದೆ ಸತ್ತರು. ಮಳೆಯೇ ಕೈಕೊಟ್ಟಾಗ ಒಡ್ಡು ಏನನ್ನು ಹಿಡಿದೀತು? ಅಂದಿನ ಜನಕ್ಕೆ ಹವಾಮಾನದ ಮುನ್ಸೂಚನೆ ಇರಲಿಲ್ಲ, ಸುಧಾರಿಸಿದ ತಳಿಗಳಿರಲಿಲ್ಲ. ನಮಗೆ ಅವೆಲ್ಲ ಇವೆ. ಪ್ರಾಚೀನರಿಂದ ನಾವು ಪಡೆಯಬೇಕಾದುದು ಅವರ ವಸ್ತುಗಳನ್ನಲ್ಲ, ಅವರ ಪ್ರಮಾಣಗಳನ್ನು: ಎಷ್ಟು ಇಳಿಜಾರಿಗೆ ಎಷ್ಟು ಹೊಲ, ಎಷ್ಟು ಮಳೆಗೆ ಯಾವ ಬೆಳೆ, ಎಷ್ಟು ನೀರಿಗೆ ಎಷ್ಟು ಬಸಿಯುವ ದಾರಿ.

ವಿದ್ಯಾರ್ಥಿಗಳು ಇದನ್ನು ಪುಸ್ತಕದಲ್ಲಿ ಓದಿ ಬಿಡಬೇಕಾಗಿಲ್ಲ. ಮುಂದಿನ ರಜೆಯಲ್ಲಿ ತಮ್ಮ ಊರಿನ ಹಳೆಯ ಒಡ್ಡುಗಳನ್ನೂ, ಹಳ್ಳ ಕೆರೆಗಳನ್ನೂ ಒಂದು ನಕ್ಷೆಯಲ್ಲಿ ಗುರುತಿಸಲಿ. ಮಳೆ ಬಂದ ದಿನ ನೀರು ಎತ್ತ ಓಡುತ್ತದೆಂದು ನಿಂತು ನೋಡಲಿ. ಹೊಲಗಳ ಹಳೆಯ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಲಿ; ಸವುಳಿನ ಹೊಲ, ಕೆರೆಯ ಹಿಂದಿನ ಹೊಲ ಎಂಬಂಥ ಹೆಸರಿನಲ್ಲಿ ಎಷ್ಟೋ ತಲೆಮಾರುಗಳ ಅನುಭವ ಅಡಗಿರುತ್ತದೆ. ಯಂತ್ರವೊಂದು ಬಂದು ಒಂದು ಒಡ್ಡನ್ನು ಸಮತಟ್ಟು ಮಾಡಲು ಅರ್ಧ ದಿನ ಸಾಕು. ಅದಕ್ಕೆ ಮೊದಲು ಅದು ಅಲ್ಲಿ ಏಕಿದೆಯೆಂದು ಕೇಳುವವನೊಬ್ಬನು ಊರಿನಲ್ಲಿ ಇರಬೇಕು. ಆ ಕೇಳುವವರು ನಮ್ಮ ವಿದ್ಯಾರ್ಥಿಗಳಾಗಲಿ.