ಜೀವವಿಜ್ಞಾನ ಉದ್ಯಮಕ್ಕೆ ಸಂಘದ ಆಸರೆ: ಸ್ಯಾನ್ ಡಿಯಾಗೋದಿಂದ ಒಂದು ಪಾಠ

ಟ್ರೈಕೋಡರ್ಮ, ಸೂಡೋಮೊನಾಸ್ ಎಂಬ ಹೆಸರುಗಳು ನಮ್ಮ ಸದಸ್ಯ ಬಾಂಧವರಿಗೆ ಈಗ ಹೊಸವಲ್ಲ. ಮೆಣಸಿನ ಬಳ್ಳಿಯ ಬುಡಕ್ಕೆ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಹಾಕುವವರು ಹಲವರಿದ್ದಾರೆ. ಇಂಥ ಜೀವಾಣುಗಳನ್ನು ಬೆಳೆಸಿ ಮಾರುವುದು, ಔಷಧಿ ಮತ್ತು ರೋಗಪತ್ತೆಯ ಸಾಧನಗಳನ್ನು ತಯಾರಿಸುವುದು, ಇವೆಲ್ಲ ಸೇರಿ ಜೀವವಿಜ್ಞಾನ ಉದ್ಯಮವೆನಿಸಿಕೊಳ್ಳುತ್ತದೆ. ಈ ಉದ್ಯಮವೆಂದರೆ ದೊಡ್ಡ ಬಂಡವಾಳದವರದ್ದೆಂದು ನಾವು ತಿಳಿಯುವುದುಂಟು. ವಾಸ್ತವದಲ್ಲಿ ಹತ್ತಿಪ್ಪತ್ತು ಜನರ ಸಣ್ಣ ಕಂಪನಿಗಳೇ ಅದರಲ್ಲಿ ಬಹಳ. ಅವೂ ನಮ್ಮಂತೆಯೇ ಸಂಘ ಕಟ್ಟಿಕೊಂಡೇ ನಿಂತಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಡಿಯಾಗೋ ನಗರದ ಉದಾಹರಣೆಯನ್ನು ಈ ಬಾರಿ ಅಭ್ಯಾಸಕ್ಕೆ ತೆಗೆದುಕೊಂಡಿದ್ದೇವೆ.

ಆ ಊರಿನಲ್ಲಿ ವಿದ್ಯೆ ಮೊದಲು ಬಂತು, ವ್ಯಾಪಾರ ಆಮೇಲೆ. 1960ರಲ್ಲಿ ಪೋಲಿಯೋ ಲಸಿಕೆಯ ಜೋನಾಸ್ ಸಾಲ್ಕ್ ಅವರ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ವಿಶ್ವವಿದ್ಯಾಲಯವೂ ಅದೇ ವರ್ಷದ್ದು. 1978ರಲ್ಲಿ ಐವರ್ ರಾಯ್‌ಸ್ಟನ್ ಮತ್ತು ಹೊವರ್ಡ್ ಬರ್ನ್‌ಡಾರ್ಫ್ ಎಂಬಿಬ್ಬರು ಹೈಬ್ರಿಟೆಕ್ ಎಂಬ ಕಂಪನಿಯನ್ನು ಆರಂಭಿಸಿದರು. 1986ರಲ್ಲಿ ಈಲೈ ಲಿಲ್ಲಿ ಎಂಬ ದೊಡ್ಡ ಔಷಧಿ ಕಂಪನಿ ಅದನ್ನು ಕೊಂಡುಕೊಂಡಿತು. ಅಲ್ಲಿಂದ ಹೊರಬಂದವರು ಒಬ್ಬೊಬ್ಬರಾಗಿ ಬೇರೆ ಬೇರೆ ಕಂಪನಿಗಳನ್ನು ತೆರೆದರು. ಒಂದು ಬಾಳೆ ಕಡಿದರೆ ಸುತ್ತ ಕಂದು ಏಳುವಂತೆ ಊರಿನಲ್ಲಿ ಉದ್ಯಮ ಹಬ್ಬಿತು.

ಹಬ್ಬಿದ ಮೇಲೆ ತೊಂದರೆಯೂ ಬಂತು, ಅದೂ ನೀರಿನ ರೂಪದಲ್ಲಿ. ಸ್ಯಾನ್ ಡಿಯಾಗೋ ಮಳೆ ಕಡಿಮೆಯ ಸೀಮೆ. ಅದರ ನೀರಿನಲ್ಲಿ ಬಹುಪಾಲು ದೂರದ ಕೊಲರಾಡೋ ನದಿಯಿಂದಲೂ ರಾಜ್ಯದ ಉತ್ತರ ಭಾಗದಿಂದಲೂ ಕಾಲುವೆಗಳಲ್ಲಿ ಬರುತ್ತಿದ್ದ ಕಾಲವದು. ಸತತ ಬರಗಾಲದ ನಡುವೆ 1991ರಲ್ಲಿ ನೀರಿನ ಭಾರಿ ಕಡಿತದ ಯೋಜನೆ ಮುಂದೆ ಬಂದಿತು. ಪಲ್ಪರ್‌ಗೆ ಹಣ್ಣು ಹಾಕಿದ ದಿನವೇ ನೀರು ನಿಂತರೆ ಏನಾದೀತೆಂದು ನಮ್ಮವರಿಗೆ ವಿವರಿಸಬೇಕಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸುವ ಜೀವಕೋಶಗಳ ಗತಿಯೂ ಅದೇ: ನಡುವೆ ನಿಲ್ಲಿಸಿದರೆ ತಿಂಗಳುಗಳ ಕೆಲಸ ಹಾಳು. ಹುಲ್ಲುಹಾಸಿಗೆ ಹಾಕುವ ನೀರೂ ಔಷಧಿ ತಯಾರಿಕೆಯ ನೀರೂ ಒಂದೇ ಅಲ್ಲವೆಂದು ಅಧಿಕಾರಿಗಳಿಗೆ ಒಬ್ಬ ಸಣ್ಣ ಕಂಪನಿಯವನು ಹೋಗಿ ಹೇಳಿದರೆ ಯಾರು ಕೇಳುತ್ತಾರೆ? ಕಂಪನಿಗಳ ಮುಖ್ಯಸ್ಥರು ಒಟ್ಟುಗೂಡಿ ಒಂದು ಮಂಡಳಿಯನ್ನು ರಚಿಸಿಕೊಂಡರು. ಆ ವರ್ಷದ ಮಾರ್ಚಿಯಲ್ಲಿ ಒಳ್ಳೆಯ ಮಳೆ ಬಂದು ಒತ್ತಡ ತಗ್ಗಿತು. ಮಳೆ ಬಂದಿತೆಂದು ಮಂಡಳಿಯನ್ನು ಮುಚ್ಚದೆ ಉಳಿಸಿಕೊಂಡದ್ದೇ ಅವರ ಜಾಣತನವೆಂದು ನಮ್ಮ ಅಭಿಪ್ರಾಯ. 1995ರಲ್ಲಿ ಅದು ಊರಿನ ಇನ್ನೊಂದು ಸಂಘದೊಡನೆ ವಿಲೀನವಾಗಿ ಬಯೋಕಾಮ್ ಆಯಿತು. ಮುಂದೆ ರಾಜ್ಯದ ಇತರ ಕಡೆಗೂ ವಿಸ್ತರಿಸಿ ಬಯೋಕಾಮ್ ಕ್ಯಾಲಿಫೋರ್ನಿಯಾ ಎಂಬ ಹೆಸರು ಪಡೆಯಿತು.

ಅಡಿಕೆ ಧಾರಣೆ ಕುಸಿದ ಮೇಲೆ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದೂ ಕಷ್ಟಕಾಲದಲ್ಲೇ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಹಕಾರ ಸಂಘ ತಾನೇ ಕೊಂಡು ಮಾರುತ್ತದೆ. ಬಯೋಕಾಮ್ ವ್ಯಾಪಾರಕ್ಕೆ ಇಳಿಯುವುದಿಲ್ಲ, ಸಂಶೋಧನೆಯನ್ನೂ ಮಾಡುವುದಿಲ್ಲ.

ಹಾಗಿದ್ದರೂ ಸದಸ್ಯರ ಖರೀದಿಗೆ ಅದು ದೊಡ್ಡ ನೆರವು ಕೊಡುತ್ತದೆ. ಕೈಗವಸು, ಗಾಜಿನ ಸಾಮಾನು, ರಾಸಾಯನಿಕ, ಸಿಲಿಂಡರ್ ಅನಿಲ, ಇವು ಪ್ರಯೋಗಾಲಯದ ದಿನನಿತ್ಯದ ಖರ್ಚು. ಎಲ್ಲ ಸದಸ್ಯರ ಬೇಡಿಕೆಯನ್ನು ಬೆನ್ನಿಗಿಟ್ಟುಕೊಂಡು ಸಂಘ ಸರಬರಾಜುದಾರರೊಡನೆ ದರ ಗೊತ್ತುಪಡಿಸುತ್ತದೆ. ಸದಸ್ಯ ಆ ದರದಲ್ಲಿ ನೇರವಾಗಿ ಕೊಳ್ಳುತ್ತಾನೆ. ಮಳೆಗಾಲಕ್ಕೆ ಮುಂಚೆ ಮೈಲುತುತ್ತು ತರಿಸಿ ದಾಸ್ತಾನಿಡುವ ಸೊಸೈಟಿಗೆ ಹಣ ಸಿಕ್ಕಿಬೀಳುವ ಭಯವಿರುತ್ತದೆ, ಅವರಿಗೆ ಅದಿಲ್ಲ. ಆದರೆ ಉಗ್ರಾಣದಲ್ಲಿ ಚೀಲ ಬಿಚ್ಚಿ ನೋಡಿ ಮಾಲು ಸರಿಯಿಲ್ಲವೆಂದು ಹಿಂದಿರುಗಿಸುವ ಅವಕಾಶವೂ ಅಲ್ಲಿಲ್ಲ. ನಮ್ಮ ಕ್ರಮವೇ ಸಣ್ಣ ಬೆಳೆಗಾರನಿಗೆ ಹೆಚ್ಚು ಕ್ಷೇಮವೆಂದು ತೋರುತ್ತದೆ.

ಎರಡನೆಯ ಕೆಲಸ ಸರ್ಕಾರದೊಡನೆ ಮಾತು. ಇದರ ಮಹತ್ವ ತಿಳಿಯಲು ಅದೇ ಊರಿನ ಮೈಕೋಜೆನ್ ಕಂಪನಿಯ ಕಥೆ ಸಾಕು. ಬಿ.ಟಿ. ಎಂಬ ಬ್ಯಾಕ್ಟೀರಿಯದ ವಿಷ ಕಂಬಳಿಹುಳುವಿನಂಥ ಕೀಟಗಳನ್ನು ಕೊಲ್ಲುತ್ತದೆ, ಆದರೆ ಎಲೆಯ ಮೇಲೆ ಬಿಸಿಲಿಗೆ ಬೇಗ ಶಕ್ತಿಗುಂದುತ್ತದೆ. ಮೈಕೋಜೆನ್ ವಿಜ್ಞಾನಿಗಳು ಆ ವಿಷ ತಯಾರಿಸುವ ಗುಣವನ್ನು ಸೂಡೋಮೊನಾಸ್ ಜೀವಾಣುವಿಗೆ ಸೇರಿಸಿ ಬೆಳೆಸಿದರು. ಬಳಿಕ ಜೀವಾಣುವನ್ನು ಕೊಂದು ಅದರ ಗಟ್ಟಿ ಹೊದಿಕೆಯೊಳಗೆ ವಿಷ ಉಳಿಯುವಂತೆ ಮಾಡಿದರು. ನಮ್ಮ ಮೆಣಸಿನ ಬುಡಕ್ಕೆ ಜೀವಂತವಾಗಿ ಬೇಕಾದ ಸೂಡೋಮೊನಾಸ್ ಅಲ್ಲಿ ಸತ್ತು ಉಪಕಾರ ಮಾಡಿತು! 1991ರಲ್ಲಿ ಅದಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿಯ ಅನುಮತಿ ದೊರೆಯಿತು. ಆಗಿನ್ನೂ ಬಯೋಕಾಮ್ ಹುಟ್ಟಿರಲಿಲ್ಲ. ಆದರೆ ಮೊದಲು ಆ ಏಜೆನ್ಸಿಯಲ್ಲಿ, ಅನಂತರ ಮೈಕೋಜೆನ್‌ನಲ್ಲಿ ಕೆಲಸ ಮಾಡಿದ್ದ ಜೋ ಪನೆಟ್ಟಾ ಎಂಬವರನ್ನೇ 1999ರಲ್ಲಿ ಸಂಘ ತನ್ನ ಮುಖ್ಯಸ್ಥರನ್ನಾಗಿ ಮಾಡಿಕೊಂಡಿತು. ಎರಡು ದಶಕಕ್ಕೂ ಹೆಚ್ಚು ಕಾಲ ಅವರು ಆ ಸ್ಥಾನದಲ್ಲಿದ್ದರು. ನಿಯಮ ಬರೆಯುವ ಮೇಜಿನ ಎರಡೂ ಬದಿಗಳಲ್ಲಿ ಕುಳಿತು ಬಂದವರನ್ನು ಆರಿಸಿದ್ದು ವಿವೇಕದ ಕ್ರಮ.

ಇನ್ನು ಕೆಲಸಗಾರರ ತರಬೇತಿ, ಶಾಲಾ ಮಕ್ಕಳಿಗೆ ವಿಜ್ಞಾನದ ಪರಿಚಯ, ಹಣ ಹೂಡುವವರೊಡನೆ ಭೇಟಿ, ಇವೂ ನಡೆಯುತ್ತವೆ. ಆದರೆ ಔಷಧಿಯೇ ಫಲಿಸದಿದ್ದರೆ ಸಂಘ ಏನೂ ಮಾಡಲಾರದು. ಜೊತೆಗೆ ದೊಡ್ಡ ಕಂಪನಿಗಳೂ ಸರಬರಾಜುದಾರರೂ ಇಂಥ ಸಂಘಗಳಲ್ಲಿ ಸದಸ್ಯರಾಗಿರುತ್ತಾರೆ. ಸಭೆಗೆ ಬಾರದ ಸಣ್ಣವನ ಪರವಾಗಿ ಅವರು ಮಾತನಾಡುವರೆಂದು ನಂಬುವುದು ಕಷ್ಟ.

ನಮ್ಮ ಮಟ್ಟಿಗೆ ಬರೋಣ. ಜೀವಾಣು ಗೊಬ್ಬರ, ಜೀವಾಣು ಔಷಧಿಗಳನ್ನು ನಾವು ಇಂದಿಗೂ ಒಬ್ಬೊಬ್ಬರೇ, ಸಿಕ್ಕ ಅಂಗಡಿಯಲ್ಲಿ, ಹೇಳಿದ ಬೆಲೆಗೆ ಕೊಳ್ಳುತ್ತಿದ್ದೇವೆ. ಪೊಟ್ಟಣದೊಳಗಿನ ಜೀವಾಣು ಬದುಕಿದೆಯೇ ಎಂದು ಕಣ್ಣಿಗೆ ಕಾಣದು. ಕೊಳ್ಳುವಾಗ ತಯಾರಿಕೆಯ ದಿನಾಂಕ, ವಾಯಿದೆ, ಔಷಧಿಯಾದರೆ ನೋಂದಣಿ ಸಂಖ್ಯೆಯನ್ನೂ ನೋಡಿರಿ. ನೆರಳಿನಲ್ಲಿ ಇರಿಸಿರಿ. ಬೋರ್ಡೋ ದ್ರಾವಣದೊಡನೆ ಎಂದೂ ಬೆರೆಸಬೇಡಿರಿ. ತಾಮ್ರ ಈ ಜೀವಾಣುಗಳಿಗೂ ಮಾರಕ. ಕಳೆದ ಸಾಲಿನಲ್ಲಿ ಇವನ್ನು ಬಳಸಿದ ಸದಸ್ಯರು ತಯಾರಕರ ಹೆಸರು, ಕೊಟ್ಟ ಬೆಲೆ, ಹಾಕಿದ ತಿಂಗಳು ಮತ್ತು ಕಂಡ ಫಲವನ್ನು ಒಂದು ಕಾಗದದಲ್ಲಿ ಬರೆದು ಸಂಘದ ಕಛೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಪಟ್ಟಿ ಕೈಗೆ ಬಂದರೆ ಮುಂದಿನ ಮಳೆಗಾಲದೊಳಗೆ ತಯಾರಕರೊಡನೆ ದರವನ್ನೂ, ಪರೀಕ್ಷಾ ವರದಿಯನ್ನೂ ಒಟ್ಟಿಗೇ ಕೇಳಬಹುದು.