ಮರಳುಗಾಡಿನ ಮಣ್ಣಿನ ಉಸಿರು ಮತ್ತು ನಮ್ಮ ಹೊಲದ ಬನ್ನಿ



ಮುಂಗಾರಿನ ಮೊದಲ ಹನಿ ಕಾದ ಹೊಲದ ಮೇಲೆ ಬಿದ್ದಾಗ ಮಣ್ಣಿನ ವಾಸನೆ ಏಳುವುದು ತಮಗೆಲ್ಲ ತಿಳಿದದ್ದೇ. ಅದೇ ಗಳಿಗೆಯಲ್ಲಿ ಕಣ್ಣಿಗೂ ಮೂಗಿಗೂ ತಿಳಿಯದ ಇನ್ನೊಂದು ಕೆಲಸ ನಡೆಯುತ್ತದೆ. ತಿಂಗಳುಗಟ್ಟಲೆ ಒಣಗಿ ಮಲಗಿದ್ದ ಸೂಕ್ಷ್ಮಜೀವಿಗಳು ಎಚ್ಚತ್ತು, ಮಣ್ಣಿನಲ್ಲಿರುವ ಸೇಂದ್ರಿಯ ಪದಾರ್ಥವನ್ನು ತಿಂದು, ಇಂಗಾಲಾಮ್ಲ ವಾಯುವನ್ನು ಹೊರಕ್ಕೆ ಬಿಡುತ್ತವೆ. ನಾವು ನೀವು ಉಸಿರು ಬಿಟ್ಟಂತೆಯೇ ಇದು. ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡುತ್ತಿದ್ದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ವಿವರಿಸಿ ಬರೆದರು. ಒಣಗಿ ಮತ್ತೆ ನೆನೆದ ಮಣ್ಣು, ಸದಾ ಹಸಿಯಾಗಿರುವ ಮಣ್ಣಿಗಿಂತ ಕೆಲವು ದಿನ ಹೆಚ್ಚು ರಭಸದಿಂದ ಉಸಿರಾಡುತ್ತದೆ.

ಈ ಪಾಠ ಬರೆಯಲು ಕಾರಣವುಂಟು. ಹೋದ ತಿಂಗಳು ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು: “ತಮ್ಮಾ, ಹೊಲದ ನಡುವಿನ ಬನ್ನಿ ಗಿಡ ಕಡಿಸಿದರ ಟ್ರ್ಯಾಕ್ಟರ್ ಸಲೀಸಾಗಿ ತಿರಗತೈತಿ. ಏನಂತಿ?” ಆಗ ನಾನು ಸರಿಯಾದ ಉತ್ತರ ಕೊಡಲಿಲ್ಲ. ಉತ್ತರ ರಾಜಸ್ಥಾನದ ಥಾರ್ ಮರಳುಗಾಡಿನಲ್ಲಿದೆ. ಅಲ್ಲಿಯವರು ಖೇಜ್ರಿ ಎಂದು ಕರೆಯುವ ಮರವೂ, ದಸರೆಯಲ್ಲಿ ನಾವು ಕೈಗೆ ಕೈ ಕೊಟ್ಟು ಹಂಚಿಕೊಳ್ಳುವ ಬನ್ನಿಯೂ ಒಂದೇ.

ಥಾರಿನ ಜೈಸಲ್ಮೇರ್ ಕಡೆ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗೂ ಕಡಿಮೆ. ಅಲ್ಲಿಯ ಮರಳು ಮಣ್ಣಿನಲ್ಲಿ ಸೇಂದ್ರಿಯ ಇಂಗಾಲ ಬಹಳ ಸ್ವಲ್ಪ. ನೂರು ಕಿಲೋ ಮಣ್ಣಿನಲ್ಲಿ 200 ಗ್ರಾಂ ಇದೆಯೆಂದು ಇಟ್ಟುಕೊಳ್ಳೋಣ. ಒಂದು ಎಕರೆಯ ಮೇಲ್ಪದರ, ಅಂದರೆ ಒಂದು ಗೇಣಿಗಿಂತ ಕಡಿಮೆ ಆಳದ 15 ಸೆಂಟಿಮೀಟರ್ ಮಣ್ಣು, ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಇರುವ ಇಂಗಾಲ 18 ಕ್ವಿಂಟಲ್ ಅಷ್ಟೇ. ಇದರಲ್ಲಿ ಮೂರನೆಯ ಒಂದು ಪಾಲು ಉಸಿರಾಗಿ ಹೋಯಿತೆನ್ನಿ. ಒಂದು ತೂಕ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ 3.67 ತೂಕ ಇಂಗಾಲಾಮ್ಲವಾಗುವುದರಿಂದ, ಆ 6 ಕ್ವಿಂಟಲ್ ಇಂಗಾಲ 22 ಕ್ವಿಂಟಲ್ ವಾಯುವಾಗಿ ಮೇಲೇರುತ್ತದೆ. ಭೂಮಿಯ ಕಾವು ಹೆಚ್ಚಿಸುವ ವಾಯು ಇದೇ. ಆದರೆ ರೈತನಿಗೆ ಅದಕ್ಕೂ ಹತ್ತಿರದ ನಷ್ಟವೊಂದಿದೆ. ಮರಳಿನಲ್ಲಿ ನೀರನ್ನೂ ಸಾರವನ್ನೂ ಹಿಡಿದಿಡುವುದು ಆ ಅಲ್ಪ ಸೇಂದ್ರಿಯ ಪದಾರ್ಥವೇ. ಬಡವನ ಮನೆಯ ಒಂದು ಸೇರು ಕಾಳು ಹೋದಂತೆ, ಇದ್ದದ್ದೇ ಸ್ವಲ್ಪ, ಅದರಲ್ಲಿ ಹೋದದ್ದು ದೊಡ್ಡದು.

ಉಳುಮೆ ಈ ಉಸಿರನ್ನು ಏಕೆ ಹೆಚ್ಚಿಸುತ್ತದೆ? ಮಣ್ಣಿನ ಸಣ್ಣ ಸಣ್ಣ ಹೆಂಟೆಗಳ ಒಳಗೆ ಬೇರಿನ ಚೂರು, ಎಲೆಯ ಪುಡಿ ಅಡಗಿ ಕುಳಿತಿರುತ್ತವೆ. ಹೆಂಟೆ ಒಡೆದರೆ ಗಾಳಿ ಒಳಹೊಕ್ಕು, ಸೂಕ್ಷ್ಮಜೀವಿಗಳಿಗೆ ಬಾಗಿಲು ತೆರೆದಂತೆ. ಥಾರಿನಲ್ಲಿ ಹಿಂದೆ ಒಂಟೆ ಎಳೆಯುವ ನೇಗಿಲು ಮೇಲುಮೇಲೆ ಗೀರಿ, ಖೇಜ್ರಿಯ ಸಸಿಗಳನ್ನೂ ಎಲಚಿ ಜಾತಿಯ ಮುಳ್ಳುಪೊದೆಗಳನ್ನೂ ಬಿಟ್ಟು ಬಳಸಿ ಹೋಗುತ್ತಿತ್ತು. ಟ್ರ್ಯಾಕ್ಟರಿನ ತಟ್ಟೆ ನೇಗಿಲು ಅವನ್ನೆಲ್ಲ ಬುಡಸಮೇತ ಕೀಳುತ್ತದೆ. ಬೇರಿನ ಹಿಡಿತ ತಪ್ಪಿದ ಹೊಲದ ಮೇಲೆ ಬೇಸಿಗೆಯ ಗಾಳಿ ಬೀಸಿದಾಗ ಮೊದಲು ಹಾರುವುದು ಹಗುರವಾದ ನಯಮಣ್ಣು. ಇಂಗಾಲ ಅಂಟಿಕೊಂಡಿರುವುದೂ ಅದಕ್ಕೇ. ಉಳಿಯುವುದು ದಪ್ಪ ಮರಳು.

ಅಲ್ಲಿಯ ಸೇವಣ್ ಎಂಬ ಹುಲ್ಲುಗಾವಲುಗಳ ಕಥೆಯೂ ಇದೇ. ವರ್ಷಾನುವರ್ಷ ಬದುಕುವ ಆ ಹುಲ್ಲಿನ ಬೇರು ಮರಳನ್ನು ಕಟ್ಟಿಹಾಕಿ, ಸತ್ತ ಮೇಲೆ ಮಣ್ಣಿಗೇ ಇಂಗಾಲ ಸೇರಿಸುತ್ತದೆ. 1958ರಲ್ಲಿ ಆರಂಭವಾದ ರಾಜಸ್ಥಾನ ಕಾಲುವೆ (ಈಗಿನ ಇಂದಿರಾ ಗಾಂಧಿ ಕಾಲುವೆ) ಪಂಜಾಬಿನ ಹರಿಕೆ ಅಣೆಕಟ್ಟೆಯಿಂದ ನೀರು ತಂದ ಮೇಲೆ ಅಂಥ ಗಾವಲುಗಳು ಎಷ್ಟೋ ಕಡೆ ಹೊಲಗಳಾದವು. ನೀರು ಬಂದದ್ದರಿಂದ ಕೆಟ್ಟದ್ದೇ ಆಯಿತೆಂದು ನಾನು ಹೇಳುವುದಿಲ್ಲ. ಬೆಳೆ ಹುಲುಸಾಗಿ ಬಂದು, ಕೂಳೆಯನ್ನೂ ಸಗಣಿಯನ್ನೂ ಹೊಲಕ್ಕೇ ಹಾಕಿದರೆ ಮೇಲ್ಮಣ್ಣಿನ ಇಂಗಾಲ ಏರುವುದೂ ಉಂಟು. ಆದರೆ ಹಸಿ ನೆಲ ವರ್ಷವಿಡೀ ಉಸಿರಾಡುತ್ತದೆ. ಕೂಳೆ ಸುಟ್ಟು, ಸಗಣಿಯನ್ನು ಕುಳ್ಳು ತಟ್ಟಿ ಒಲೆಗೆ ಹಾಕಿದರೆ ಜಮೆಯಿಲ್ಲದ ಖರ್ಚಾಗುತ್ತದೆ. ಕೆಲವೆಡೆ ನೆಲ ಜೌಗಾಗಿ ಉಪ್ಪೂ ಮೇಲೆ ಬಂದಿತು.

ಒಣನಾಡಿನ ಮಣ್ಣಿನಲ್ಲಿ ಇನ್ನೊಂದು ಬಗೆಯ ಇಂಗಾಲವಿದೆ. ಅದು ಸುಣ್ಣದ ಹರಳಿನಲ್ಲಿ ಅಡಗಿದೆ. ನಮ್ಮ ಎರೆಹೊಲದಲ್ಲಿ ಸಿಗುವ ಬಿಳಿ ಹರಳಿನ ಮೇಲೆ ಹುಳಿಯಾದ ನಿಂಬೆರಸ ಹಿಂಡಿ ನೋಡಿ. ಸಣ್ಣಗೆ ನೊರೆ ಏಳುತ್ತದೆ. ಅದು ಇಂಗಾಲಾಮ್ಲವೇ. ಸುಣ್ಣದಂಶ ಹೆಚ್ಚಿರುವ ಕೊಳವೆಬಾವಿಯ ನೀರು ಹೊಲದಲ್ಲಿ ಆರಿ ಹೊಸ ಹರಳು ಕಟ್ಟುವಾಗಲೂ ಸ್ವಲ್ಪ ಇಂಗಾಲಾಮ್ಲ ಬಿಡುಗಡೆಯಾಗುತ್ತದೆ. ಹರಳು ಹೆಚ್ಚಿದ ಮಾತ್ರಕ್ಕೆ ಗಾಳಿಯ ಇಂಗಾಲ ನೆಲಕ್ಕಿಳಿಯಿತೆಂದು ತಿಳಿಯಬಾರದು.

ಈಗ ಬನ್ನಿಗೆ ಬರೋಣ. ಜೋಧಪುರದ ಬಳಿಯ ಖೇಜರ್ಲಿ ಗ್ರಾಮದಲ್ಲಿ 1730ರಲ್ಲಿ ಅರಮನೆಯ ಸುಣ್ಣ ಸುಡಲು ಸೌದೆಗೆಂದು ಬಂದವರನ್ನು ತಡೆದು, ಅಮೃತಾ ದೇವಿಯೂ ಸೇರಿ 363 ಬಿಷ್ಣೋಯಿ ಜನ ಈ ಮರಗಳಿಗಾಗಿ ಪ್ರಾಣ ಕೊಟ್ಟರು. ಭಕ್ತಿಯ ಜೊತೆಗೆ ಬದುಕಿನ ಲೆಕ್ಕವೂ ಅಲ್ಲಿತ್ತೆಂದು ನನಗೆ ತೋರುತ್ತದೆ. ಖೇಜ್ರಿಯ ಸೊಪ್ಪು ಆಡು ಒಂಟೆಗಳಿಗೆ ಮೇವು, ಎಳೆಗಾಯಿ ಪಲ್ಯಕ್ಕೆ. ಬೇರು ಆಳಕ್ಕೆ ಇಳಿಯುವುದರಿಂದ ಸಜ್ಜೆಯ ನೀರಿಗೆ ಹೆಚ್ಚು ಕೈಹಾಕದು. ಉದುರಿದ ಎಲೆಯಿಂದಲೂ ನೆರಳಿನ ತಂಪಿನಿಂದಲೂ ಮರದ ಬುಡದ ಮಣ್ಣಿನಲ್ಲಿ ಸೇಂದ್ರಿಯ ಪದಾರ್ಥ ಬಯಲಿಗಿಂತ ಹೆಚ್ಚಿರುತ್ತದೆ. ಅದಕ್ಕೇ ಅಲ್ಲಿಯವರು ಮರದ ಕೆಳಗೂ ಸಜ್ಜೆ ಬಿತ್ತುತ್ತಾರೆ. ಜೋಧಪುರದಲ್ಲಿ 1959ರಿಂದ ಇರುವ ಕೇಂದ್ರ ಒಣಪ್ರದೇಶ ಸಂಶೋಧನಾ ಸಂಸ್ಥೆಯವರೂ ಗಾಳಿಗೆ ಅಡ್ಡವಾಗಿ ಮರದ ಸಾಲು, ಕೊಯ್ಲಿನ ನಂತರ ನಿಂತ ಕೂಳೆ, ಇವುಗಳನ್ನೇ ಹೇಳಿಕೊಂಡು ಬಂದಿದ್ದಾರೆ.

ನನ್ನ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಡಿಪ್ಲೊಮಾದಲ್ಲಿ ಕಲಿತದ್ದನ್ನೇ ನೆಚ್ಚಿ, ಹಗುರ ಮರಳುಗೆಂಪಿನ ಹೊಲವೊಂದನ್ನು ಬೇಸಿಗೆಯಲ್ಲಿ ಎರಡು ಸಲ ಅಡ್ಡಡ್ಡ ಉಳಿಸಿದೆ. ಮಳೆ ತಡವಾಯಿತು, ಗಾಳಿ ತಡವಾಗಲಿಲ್ಲ. ನಯಮಣ್ಣೆಲ್ಲ ಪಕ್ಕದ ಬದುವಿಗೆ ಹೋಗಿ ಕುಳಿತಿತು. ಹೊಲದ ಯಜಮಾನರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಎರೆಭೂಮಿಗೆ ಮಾಗಿ ಉಳುಮೆ ಒಪ್ಪುತ್ತದೆ. ಆದರೆ ಹಗುರ ಮಣ್ಣಿಗೆ ಹದಮಳೆ ಬೀಳುವವರೆಗೆ ಮೊಣಕಾಲೆತ್ತರದ ಕೂಳೆ ನಿಂತಿರಲಿ, ಆಮೇಲೆ ಕುಂಟೆಯಿಂದ ಮೇಲಷ್ಟೇ ಹರಗಿದರೆ ಸಾಕು.

ಹಿರಿಯರ ಪ್ರಶ್ನೆಗೆ ಈಗ ನನ್ನ ಉತ್ತರ: ಗಿಡ ಕಡಿಸಬೇಡಿ, ಕೊಂಬೆ ಸವರಿ ಟ್ರ್ಯಾಕ್ಟರಿಗೆ ದಾರಿ ಮಾಡಿರಿ. ಸವರಿದ ಸೊಪ್ಪು ಆಡಿಗೆ ಆಗುತ್ತದೆ. ನನ್ನ ಮಾತು ನಂಬುವುದು ಬೇಡ. ಬನ್ನಿಯ ಬುಡದಿಂದ ಒಂದು ಚೀಲ, ಮೂವತ್ತು ಹೆಜ್ಜೆ ದೂರದ ಬಯಲಿನಿಂದ ಇನ್ನೊಂದು ಚೀಲ, ಅರ್ಧರ್ಧ ಕಿಲೋ ಮಣ್ಣನ್ನು 15 ಸೆಂಟಿಮೀಟರ್ ಆಳದವರೆಗೆ ತೆಗೆದು, ನೆರಳಲ್ಲಿ ಒಣಗಿಸಿ, ಚೀಟಿ ಹಚ್ಚಿ ಕೊಡಿ. ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆಗೆ ಒಯ್ಯುತ್ತೇನೆ. ಎರಡರ ಸೇಂದ್ರಿಯ ಇಂಗಾಲದ ಅಂಕಿಯನ್ನು ಅದೇ ಕಟ್ಟೆಯ ಮೇಲೆ ಓದಿ ಹೇಳುತ್ತೇನೆ.